ಗೋಡೆಗೆ ಮುಖ ಮಾಡಿದ ಕುರ್ಚಿ

ಮಗಳಿಗೆ ವಾರ್ತೆ ಓದಲು ಕಲಿಸಿದವರು ಯಾರೆಂದು ಕೇಳಿದರೆ ನಾನು ಆ ಕುರ್ಚಿಯ ಕತೆ ಹೇಳುತ್ತೇನೆ, ಸ್ವಲ್ಪ ಜಂಬದಿಂದಲೇ.

ಆ ಕುರ್ಚಿಯಲ್ಲಿ ಕೂರುತ್ತಿದ್ದ ಹಿರಿಯರು ಧಾರವಾಡದ ಕಡೆಯವರು. ಆಯುಷ್ಯವೆಲ್ಲ ರೇಡಿಯೊದಲ್ಲಿ ವಾರ್ತೆ ಓದಿ, ನಿವೃತ್ತರಾಗಿ ನಾವಿರುವ ಕೊಲ್ಲಿ ದೇಶಕ್ಕೆ, ರಿಗ್ಗೈಯಲ್ಲಿದ್ದ ಮಗನ ಮನೆಗೆ ಬಂದಿದ್ದರು. ಪತ್ರಿಕೋದ್ಯಮ ಓದಲು ಹೊರಟ ಇಲ್ಲಿನ ಕನ್ನಡಿಗರ ಮಕ್ಕಳೆಲ್ಲ ಶುಕ್ರವಾರದ ರಜೆಯಲ್ಲಿ ಅಲ್ಲಿಗೆ ಹೋಗುತ್ತಿದ್ದರು. ಮಕ್ಕಳು ವಾರ್ತೆ ಓದುವಾಗ ಇವರು ಕುರ್ಚಿಯಲ್ಲಿ ಗೋಡೆಗೆ ಮುಖ ಮಾಡಿ ಕೂರುವರು. ಓದು ಹಿಡಿಸದಿದ್ದರೆ ಅವರ ತೋರುಬೆರಳು ಮೇಲೇಳುತ್ತಿತ್ತು, ಜೊತೆಗೆ ಒಂದೇ ಮಾತು:

"ಊರಿಗೆಲ್ಲಾ ಹೇಳಬ್ಯಾಡ, ಒಬ್ಬರಿಗೆ ಹೇಳು."

ನನ್ನ ಮಗಳು ಮನೆಯಲ್ಲಿ ಕನ್ನಡಕ್ಕೆ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು. ಕಾಲೇಜು ಸೇರುವ ಮುಂಚಿನ ಒಂದು ಶುಕ್ರವಾರ ಅವಳು ಅಲ್ಲಿ ಧೂಳುಗಾಳಿಯ ಸುದ್ದಿ ಓದಿದಳು. ಬೆರಳು ಎದ್ದಿತು. ಮತ್ತೆ ಓದಿದಳು, ಮತ್ತೆ ಎದ್ದಿತು.

"ಅಂಕಲ್, ನನ್ನ ಕನ್ನಡ ಸರಿ ಇಲ್ಲ. ಐ ಕಾಂಟ್."

"ನಿನ್ನ ಕನ್ನಡ ಚಲೋ ಐತಿ ತಂಗಿ. ಯಾರಿಗೆ ಹೇಳಾಕತ್ತಿ?"

ಅವಳು ಮೂಲೆಯಲ್ಲಿದ್ದ ನನ್ನನ್ನು ನೋಡಿದಳು. ನಾನು ರಿಫೈನರಿಯ ಬಯಲಲ್ಲಿ ದುಡಿಯುವವನು.

"ಜೋರು ಧೂಳುಗಾಳಿ ಎದ್ದಿದೆ. ಹೊರಗೆ ಕೆಲಸ ಮಾಡುವವರು ಮೂಗು, ಬಾಯಿ ಮುಚ್ಚಿಕೊಳ್ಳಿ," ಎಂದು ನನಗೇ ಹೇಳುವಂತೆ ಓದಿದಳು.

ಬೆರಳು ಏಳಲಿಲ್ಲ. ಕಿಟಕಿ ಮುಚ್ಚಿ ಏಸಿ ಹಾಕಿದ್ದ ಆ ಕೋಣೆಯಲ್ಲಿ, ಗೋಡೆ ನೋಡುತ್ತ ಕುಳಿತಿದ್ದ ಹಿರಿಯರು ಜೇಬಿನಿಂದ ಕರವಸ್ತ್ರ ತೆಗೆದು ಮೂಗಿಗೆ ಹಿಡಿದುಕೊಂಡರು.