ಶಾಕಪ್ಪಿನ ಮೇಲಿನ ಅರ್ಧಚಂದ್ರ

ನನ್ನ ಅಂಗಡಿಯ ಗಾದಿಯ ಪಕ್ಕ, ತಕ್ಕಡಿಯ ಹಿಂದೆ, ಒಂದು ಹಳೆಯ ಶಾಕಪ್ ಬಿದ್ದಿದೆ. ರಸ್ತೆಯ ಏಟನ್ನೆಲ್ಲ ತಾನು ತಿಂದು ಕಾರಿನಲ್ಲಿ ಕೂತವರ ಸೊಂಟ ಕಾಯುವ ಕಬ್ಬಿಣದ ಕೊಳವೆಗೆ ನಮ್ಮ ಕಡೆ ಹಾಗೆನ್ನುತ್ತಾರೆ. ಹೋದ ವಾರ ಗೋಣಿಚೀಲದಲ್ಲಿ ಸುತ್ತಿ ಉದಗೀರದಿಂದ ತಂದೆ. ಅದರಿಂದ ಸೋರಿದ ಎಣ್ಣೆಯ ಕಮಟು ವಾಸನೆ ತೊಗರಿಯ ಧೂಳನ್ನೂ ಮೀರಿ ಅಂಗಡಿ ತುಂಬಿದೆ. ಗಿರಾಕಿಗಳು ಮೂಗು ಮುರಿಯುತ್ತಾರೆ. ನನಗೆ ಮಾತ್ರ ಆ ವಾಸನೆ ಬಂದಾಗೆಲ್ಲ ನಿಲಂಗಾ ರೋಡಿನ ಮಿಸ್ತ್ರಿ ನೆನಪಾಗುತ್ತಾನೆ...

ನಾನು ಹುಟ್ಟಾ ಅನುಮಾನದವನು. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ಉಮರ್ಗಾದ ಮೊಂಢಾದಲ್ಲಿ, ಅಂದರೆ ನಮ್ಮ ಕಾಳಿನ ಪೇಟೆಯಲ್ಲಿ, ಯಾರನ್ನು ಕೇಳಿದರೂ ಹೇಳುತ್ತಾರೆ. ಚೀಲದ ಬಾಯಿ ಬಿಚ್ಚಿ ತೋರಿಸಿದರೆ ನಾನು ನೋಡುವುದಿಲ್ಲ. ಕಬ್ಬಿಣದ ಕೊಳವೆ ಚುಚ್ಚಿ ನಡುವಿನಿಂದಲೇ ಕಾಳು ತೆಗೆಯುತ್ತೇನೆ. ಅಪ್ಪ ಕಲಿಸಿದ್ದು ಅದನ್ನೇ. ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಶಿವನನ್ನು ನೆನೆದವನೇ ಇಡೀ ದಿನ ಎದುರಿಗೆ ಬಂದವರನ್ನೆಲ್ಲ ಕಳ್ಳರೆಂದು ನೋಡುತ್ತಿದ್ದೆ.

ಆ ಕಾಲಕ್ಕೆ ಪುಣೆಯಿಂದ ಒಂದು ಹಳೆಯ ಹೈಬ್ರಿಡ್ ಕಾರು ತಂದಿದ್ದೆ. ಅರ್ಧ ಪೆಟ್ರೋಲು, ಅರ್ಧ ಬ್ಯಾಟರಿ. ನಿಂತರೆ ಸಪ್ಪಳವೇ ಇಲ್ಲ. ಹೆಂಡತಿಯ ಬೆನ್ನಿಗೆ ಆಪರೇಷನ್ ಆಗಿ, ತಿಂಗಳಿಗೊಮ್ಮೆ ನಿಲಂಗಾ ದಾಟಿ ಉದಗೀರದ ಡಾಕ್ಟರ ಹತ್ತಿರ ಹೋಗಬೇಕಾಗಿತ್ತು. ವರ್ಷ ತುಂಬುವುದರೊಳಗೆ ಕಾರಿನ ನಾಲ್ಕೂ ಶಾಕಪ್ ಕೂತುಬಿಟ್ಟವು. ಪ್ರತಿ ಕುಣಿಗೂ ಧಡ್ ಎನ್ನುತ್ತಿತ್ತು. ಆಕೆ ಸೀಟಿನ ಅಂಚು ಹಿಡಿದು, ತುಟಿ ಕಚ್ಚಿಕೊಂಡು ಕೂರುತ್ತಿದ್ದಳು. ಅತ್ತಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಊರಿನ ಗ್ಯಾರೇಜಿನವರು ಬಾನೆಟ್ ಎತ್ತಿ, ಕೇಸರಿ ಬಣ್ಣದ ದಪ್ಪ ವೈರು ನೋಡಿದ್ದೇ ಹಿಂದೆ ಸರಿದರು. ಕರೆಂಟು ಹೊಡೆದರೆ ಯಾರು ಜವಾಬ್ದಾರರು ಎಂದರು. ನಿಲಂಗಾ ರೋಡಿನ ತಗಡಿನ ಶೆಡ್ಡಿನ ಮಿಸ್ತ್ರಿ ಮಾತ್ರ ಒಪ್ಪಿಕೊಂಡ. ಎಲ್ಲರೂ ಬೇಡವೆಂದದ್ದನ್ನು ಇವನೊಬ್ಬ ಯಾಕೆ ಬೇಕೆನ್ನುತ್ತಾನೆ? ನನಗೆ ಮೊದಲ ಹುಳ ಹೊಕ್ಕದ್ದೇ ಅಲ್ಲಿ.

ಅವನು ಉದಗೀರದವನು. ಕುರಿ ಕಾಯುವ ಮನೆತನದಲ್ಲಿ ಹುಟ್ಟಿ, ಪುಣೆಯಲ್ಲಿ ಈ ಕೆಲಸ ಕಲಿತು ಬಂದಿದ್ದ. ಹಣೆಯಲ್ಲಿ ಬೀರಪ್ಪನ ಭಂಡಾರ, ಆ ಅರಿಶಿನದ ಪುಡಿಯ ಡಬ್ಬಿ ನಟ್ಟು ತಿರುಗಿಸುವ ಪಾನಾಗಳ ನಡುವೆಯೇ ಇರುತ್ತಿತ್ತು. ಇನ್ನು ಮುಂದೆ ಬರುವುದೆಲ್ಲ ಇಂಥ ಕಾರುಗಳೇ, ಉಮರ್ಗಾದಲ್ಲಿ ತನ್ನದೊಂದು ಹೆಸರಾದರೆ ಸಾಕು ಎಂದು ಹೇಳಿಕೊಳ್ಳುತ್ತಿದ್ದ.

ಹೊಸ ಶಾಕಪ್ ತರುವುದನ್ನು ಅವನಿಗೆ ಬಿಟ್ಟೇನೇ? ನಾನೇ ಪುಣೆಯಿಂದ ತರಿಸಿದೆ. ಕೊಡುವ ಮುಂಚೆ, ಚೀಲಕ್ಕೆ ಗುರುತು ಹಾಕುವ ನೀಲಿ ಮಸಿಯಿಂದ ಪ್ರತಿಯೊಂದರ ಕೆಳಗೂ ಚಿಕ್ಕದೊಂದು ಅರ್ಧಚಂದ್ರ ಬರೆದೆ. ನಮ್ಮ ಅಂಗಡಿಯ ಪೂರಾ ಗುರುತು ಅರ್ಧಚಂದ್ರ ಮತ್ತು ಅದರ ಕೆಳಗೆ ಎರಡು ಚುಕ್ಕೆ. ಕಳ್ಳಗುರುತಿಗೆ ಚಂದ್ರನಷ್ಟೇ ಸಾಕೆಂದು ಚುಕ್ಕೆ ಬಿಟ್ಟೆ. ಹೆಂಡತಿ ನೋಡಿ ನಕ್ಕಳು. "ನನ್ನ ಮ್ಯಾಲೂ ಒಂದು ಗುರ್ತು ಹಾಕ್ರಿ, ದವಾಖಾನಿದಾಗ ಬದ್ಲಿ ಮಾಡ್ಯಾರು" ಎಂದಳು.

ಬರುವಾಗ ಎರಡು ಚೀಲ ತೊಗರಿ ತನ್ನಿರೆಂದು ಮಿಸ್ತ್ರಿ ಹೇಳಿಕಳಿಸಿದ್ದ. ಯಾಕಪ್ಪಾ ಎಂದರೆ, "ಗಾಡಿ ಮ್ಯಾಲ ಭಾರ ಇದ್ದಾಗೇ ಕಡೀ ಬೋಲ್ಟ್ ಬಿಗೀಬೇಕ್ರಿ ಸಾವಕಾರ್ರ. ಎತ್ತಿ ಹಿಡ್ದು ಬಿಗದ್ರ ರಬ್ಬರ್ ತಿರುಚಿಕೊಂಡು ಹರೀತದ" ಎಂದ. ನಾನು ಹೂಂ ಎಂದು, ಎರಡೂ ಚೀಲ ತೂಗಿಯೇ ಒಯ್ದೆ. ಅವನು ಅವನ್ನಿಳಿಸಿ ಜಾಕಿನ ಪಕ್ಕದಲ್ಲಿ ನಿಲ್ಲಿಸಿದ.

ಆಮೇಲೆ ಬ್ಯಾಟರಿಯ ವೈರು ಬಿಚ್ಚಿ, ಕಾರಿನ ಚಾವಿ ನನ್ನ ಕೈಗೆ ಕೊಟ್ಟ. "ಇದನ್ನ ಕಿಸೆದಾಗ ಇಟ್ಕೊಂಡು ಆ ಚಹಾದಂಗಡಿದಾಗ ಕೂಡ್ರಿ. ಈ ಗಾಡಿ ಮಾತಾಡ್ದೆ ಚಾಲೂ ಆಗಿಬಿಡ್ತದ್ರಿ, ಚಾವಿ ದೂರ ಇದ್ರನೇ ಚಲೋ." ನನ್ನನ್ನು ದೂರ ಕಳಿಸಲು ಎಂಥ ನೆಪ ಹುಡುಕಿದ ನೋಡಿ ಎಂದುಕೊಂಡೆ. ರಸ್ತೆಯ ಆಚೆ ಕೂತು, ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದೆ. ಅವನು ಹೊಸ ಶಾಕಪ್ಪುಗಳನ್ನು ಒಂದೊಂದಾಗಿ ಡೀಸೆಲ್ ಬಟ್ಟೆಯಿಂದ ಫಳಫಳ ಒರೆಸಿ, ಚಿಟಿಕೆ ಭಂಡಾರ ಹಚ್ಚಿ ಕೈಮುಗಿದ. ನಡುವೆ ಒಮ್ಮೆ ಬಟ್ಟೆಯನ್ನು ಬಿಡಿಸಿ ನೋಡಿ, ನನ್ನ ಕಡೆ ನೋಡಿದ. ಆಮೇಲೆ ಬೆನ್ನು ಮಾಡಿ ಕೂತ. ಟಕ್, ಟಕ್, ಟಕ್ ಎಂದು ಸುತ್ತಿಗೆಯ ಸಣ್ಣ ಸಪ್ಪಳ ಬಹಳ ಹೊತ್ತು ಬಂತು. ಬೆನ್ನು ಮಾಡಿ ಮಾಡುವ ಕೆಲಸ ಏನಿರುತ್ತದೆ?

ಸಂಜೆ ಹಳೆಯ ನಾಲ್ಕನ್ನೂ ಚೀಲದಲ್ಲಿ ಕಟ್ಟಿ ನನಗೇ ಒಪ್ಪಿಸಿದ. ಕೈ ತೊಳೆಯುತ್ತ ಸುಮ್ಮನೆ ಒಂದು ಮಾತು ಹೇಳಿದ. "ನಮ್ಮಪ್ಪ ಕುರಿಗೋಳಿಗೆ ಬಣ್ಣದ ಗುರ್ತು ಹಾಕ್ತಿದ್ದಿಲ್ರಿ. ಮಳಿ ಬಂದ್ರ ಹೋಗ್ತದ. ಕಿವಿ ಕತ್ತರಿಸ್ತಿದ್ದ." ನಾನು ಹೌದೌದು ಎಂದೆ. ಕುರಿಯ ಮಾತು ಇಲ್ಲಿ ಯಾಕೆ ಬಂತೆಂದು ತಿಳಿಯಲಿಲ್ಲ. ಮನೆಗೆ ಬಂದು ತೊಗರಿ ತೂಗಿದೆ. ತೂಕ ಸರಿಯಿತ್ತು. ಅದಕ್ಕೂ ಅನುಮಾನವೇ, ಇಷ್ಟು ಸರಿ ಹೇಗೆ ಬಂತೆಂದು!

ಮುಂದಿನ ಸಲ ಉದಗೀರಕ್ಕೆ ಹೋಗುವಾಗ ಹೆಂಡತಿ ನಿಲಂಗಾ ಬರುವ ಮೊದಲೇ ನಿದ್ದೆ ಹೋದಳು. ಎಷ್ಟೋ ತಿಂಗಳ ಮೇಲೆ ಆಕೆಯ ಮುಖ ಸಡಿಲವಾಗಿದ್ದನ್ನು ಕಂಡೆ. ಅಲ್ಲಿಗೆ ಮುಗಿಯಬೇಕಿತ್ತು. ಮನೆಗೆ ಬಂದವನೇ ಟಾರ್ಚು ಹಿಡಿದು, ನೆಲಕ್ಕೆ ಕೆನ್ನೆ ಹಚ್ಚಿ ಚಕ್ರದ ಸಂದಿಯಲ್ಲಿ ನೋಡಿದೆ. ನೀಲಿ ಚಂದ್ರ ಎಲ್ಲೂ ಇರಲಿಲ್ಲ. ನನ್ನ ಅಸಲಿ ಮಾಲು ಮಾರಿಕೊಂಡು, ನಕಲಿ ಕೂರಿಸಿದ್ದಾನೆ! ನಿಜ ಹೇಳಬೇಕೆಂದರೆ, ಸಿಟ್ಟಿಗಿಂತ ಹೆಚ್ಚಾಗಿ ನನ್ನ ಲೆಕ್ಕ ತಪ್ಪಲಿಲ್ಲವೆಂಬ ಖುಷಿಯೇ ಆಯಿತು.

"ಖೋಟಾ ಇದ್ರ ನನ್ನ ಸೊಂಟ ಹ್ಯಾಂಗ ಸುಮ್ಮ ಕೂತದ? ಅದಕ್ಕರೆ ಕೇಳ್ರಿ" ಎಂದಳು ಹೆಂಡತಿ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಮಿಸ್ತ್ರಿಯನ್ನೂ ಕೇಳಲಿಲ್ಲ. ಮೊಂಢಾದ ಚಹಾದಂಗಡಿಯ ಬೆಂಚಿನ ಮೇಲೆ ಕೂತು ಹೇಳಿದೆ, ಅಷ್ಟೇ. ನನ್ನಂಥವನೇ ಮೋಸ ಹೋದನೆಂದರೆ ಉಳಿದವರ ಪಾಡೇನು? ವಾರದೊಳಗೆ ಮಾತು ಸುತ್ತಲಿನ ಹಳ್ಳಿಗಳಿಗೆ, ಗುಂಜೋಟಿಗೂ ಮಾಕಣಿಗೂ ಮುಟ್ಟಿತು.

ಅವನು ಒಮ್ಮೆ ಅಂಗಡಿಗೆ ಬಂದ. ಗಾದಿಯ ಮೇಲೆ ಕೂಡಲಿಲ್ಲ.

"ಸಾವಕಾರ್ರ, ಒಂದ್ಸಲ ಗಾಡಿ ತರ್ರಿ. ಚಕ್ಕಾ ಬಿಚ್ಚಿ ತೋರಸ್ತೀನಿ. ನಾಲ್ಕು ಮಂದೀನ್ನ ಕರ್ಕೊಂಡೇ ಬರ್ರಿ."

"ತರ್ತೀನಿ ತಗೊ, ನಾಳಿಗಿ" ಎಂದೆ.

ಒಯ್ಯಲಿಲ್ಲ. ಬಿಚ್ಚುವ ನೆಪದಲ್ಲಿ ಅಸಲಿ ಮಾಲು ತಂದು ಕೂರಿಸಿ, ನನ್ನನ್ನೇ ಸುಳ್ಳನನ್ನಾಗಿ ಮಾಡಿದರೆ? ನನ್ನ ತಲೆ ಓಡುತ್ತಿದ್ದದ್ದು ಹಾಗೆ. ಎರಡು ಮೂರು ಸಲ ಆ ಶೆಡ್ಡಿನ ಮುಂದೆ ಹಾದುಹೋದೆ. ಪ್ರತಿ ಸಲವೂ ಕಾರು ಕಂಡು ಎದ್ದು ನಿಲ್ಲುತ್ತಿದ್ದ... ನಾನು ನಿಲ್ಲಿಸುತ್ತಿರಲಿಲ್ಲ. ಮಳೆಗಾಲ ಬರುವಷ್ಟರಲ್ಲಿ ಶೆಡ್ಡಿಗೆ ಬೀಗ ಬಿತ್ತು. ಕೆಲಸವಿಲ್ಲದೆ ಉದಗೀರಕ್ಕೆ ವಾಪಸು ಹೋದನೆಂದರು. ತಪ್ಪು ಮಾಡಿದವನು ಓಡಿಹೋದ ಎಂದೆ ನಾನು.

ಏಳೆಂಟು ವರ್ಷ ಆ ಶಾಕಪ್ಪುಗಳು ಒಂದು ಮಾತು ಆಡಲಿಲ್ಲ. ಈಗಷ್ಟೇ ಮತ್ತೆ ಧಡ್ ಎನ್ನತೊಡಗಿದ್ದರಿಂದ ಹೋದ ವಾರ ಹೆಂಡತಿಯೊಂದಿಗೆ ಹೋದಾಗ ಉದಗೀರದ ಗ್ಯಾರೇಜಿಗೆ ಒಯ್ದೆ. ಮಾಲಕ ಮೊದಲನೆಯದನ್ನು ಬಿಚ್ಚಿ ಒರೆಸಿ, ತಿರುಗಿಸಿ ನೋಡಿ ನಿಂತುಬಿಟ್ಟ. ಬೋಲ್ಟು ಕೂರುವ ದಪ್ಪ ತಗಡಿನ ಒಳಮಗ್ಗುಲಲ್ಲಿ, ಉಳಿಯ ತುದಿಯಿಂದ ಚುಕ್ಕೆ ಚುಕ್ಕೆಯಾಗಿ ಹೊಡೆದ ಅರ್ಧಚಂದ್ರ. ಅದರ ಕೆಳಗೆ ಎರಡು ಚುಕ್ಕೆ.

ಎರಡು ಚುಕ್ಕೆ ನಾನು ಬರೆದಿರಲೇ ಇಲ್ಲ. ಭಂಡಾರ ಹಚ್ಚಲೆಂದು ಒರೆಸುವಾಗ ನನ್ನ ಮಸಿ ಬಟ್ಟೆಗೆ ಹತ್ತಿದೆ. ಅದು ಏನೆಂದು ಅವನಿಗೆ ತಿಳಿದಿದೆ. ಪಕ್ಕದಲ್ಲೇ ನಿಂತಿದ್ದ ತೊಗರಿ ಚೀಲದ ಮೇಲಿನ ಗುರುತು ನೋಡಿ, ನನ್ನ ಅಂಗಡಿಯ ಗುರುತನ್ನು ಪೂರಾ ಮಾಡಿ, ಎಂದೂ ಅಳಿಯದಂತೆ ಹೊಡೆದುಕೊಟ್ಟಿದ್ದಾನೆ. ನಾಲ್ಕರಲ್ಲೂ ಇತ್ತು.

"ಇದು ನಮ್ಮ ಮಿಸ್ತ್ರಿ ಕೈ ಅದ್ರಿ" ಎಂದ ಮಾಲಕ. "ಒಳಗ ಹೊಡದ್ರ ನೀರು ಹತ್ತಂಗಿಲ್ಲ, ಜಂಗ್ ಹಿಡಿಯಂಗಿಲ್ಲ ಅಂತಿದ್ರು. ನಮ್ಮಲ್ಲಿ ಪಗಾರಕ್ಕಿದ್ರು. ಗಿರಾಕಿ ಎದುರಿಗೇ ಗುರ್ತು ಹೊಡೀದೆ ಒಂದು ನಟ್ಟೂ ಬಿಗೀತಿದ್ದಿಲ್ಲ. ಉಮರ್ಗಾದಾಗ ಏನೋ ಆಗಿತ್ತಂತ, ಹೇಳ್ತಿದ್ದಿಲ್ಲ."

"ಈಗ ಎಲ್ಲಿದ್ದಾನ?"

"ತೀರಿಕೊಂಡು ಎರಡು ವರ್ಷ ಆತ್ರಿ."

ಬರುವಾಗ ದಾರಿಯುದ್ದಕ್ಕೂ ಹೆಂಡತಿ ಎಚ್ಚರವಾಗಿಯೇ ಇದ್ದಳು. ಬೈದಿದ್ದರೆ ಚೆನ್ನಾಗಿತ್ತು.

ಇವತ್ತು ಬೆಳಿಗ್ಗೆ ಧೈರ್ಯ ಮಾಡಿ ಶಾಕಪ್ಪನ್ನು ಎತ್ತಿಕೊಂಡು ಮೊಂಢಾದ ಚಹಾದಂಗಡಿಗೆ ಹೋದೆ. ಅದೇ ಬೆಂಚು, ಹೆಚ್ಚುಕಡಿಮೆ ಅದೇ ಮಂದಿ. ಗುರುತು ತೋರಿಸಿ, ನಿಲಂಗಾ ರೋಡಿನ ಮಿಸ್ತ್ರಿ ಖರೇ ಮನುಷ್ಯ, ಸುಳ್ಳು ಹೇಳಿದವನು ನಾನು ಎಂದೆ. ಅವರು ಮುಖ ಮುಖ ನೋಡಿಕೊಂಡರು.

"ಯಾವ ಮಿಸ್ತ್ರಿ ರೀ?" ಎಂದ ಒಬ್ಬ. "ಸಾಮಾನು ಬದ್ಲಿ ಮಾಡ್ತಿದ್ದನಲ್ಲ, ಅಂವಾ ಏನು?"

ಹೆಸರು ಹಿಡಿದು ಹೇಳೋಣವೆಂದರೆ ಅವನ ಹೆಸರು ನನಗೆ ಗೊತ್ತಿರಲಿಲ್ಲ. ಅಂದೂ ಕೇಳಿರಲಿಲ್ಲ, ಹೋದ ವಾರ ಉದಗೀರದಲ್ಲೂ ಕೇಳಲಿಲ್ಲ.

"ಹೂಂ" ಎಂದೆ. "ಅಂವನೇ."