ಪಂಚಮಿಗೆ ಬಾರದ ಗೋವಾ ಅತ್ತಿ

ಅವಳ ಬೆರಳ ತುದಿಗಳು ಸದಾ ಬಿರುಕು ಬಿಟ್ಟು ಬೆಳ್ಳಗಿರುತ್ತಿದ್ದವು. ಹರೆಯದಿಂದಲೂ ಗೋವಾದ ಮನೆಗಳಲ್ಲಿ ಪಾತ್ರೆ ತೊಳೆದು ನೆಲ ಒರೆಸಿದ ಬೆರಳುಗಳು ಅವು. ಮುದ್ದೇಬಿಹಾಳಕ್ಕೆ ಮರಳಿ ಬಂದು ಎಷ್ಟು ಕೊಬ್ಬರಿ ಎಣ್ಣೆ ತಿಕ್ಕಿದರೂ ಬಿರುಕು ಕೂಡಲಿಲ್ಲ. ಯಾರಿಗಾದರೂ ಕಾಲು ತಾಗಿದರೆ ನಮ್ಮ ಕಡೆ ಎಲ್ಲರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಅವಳು ಅದನ್ನೂ ಮಾಡಿ, ಅದೇ ಕೈಯನ್ನು ಎದೆಗಿಟ್ಟು “ಸಾರಿ” ಎನ್ನುತ್ತಿದ್ದಳು. ಕೂಸಿಗೂ ಅನ್ನುತ್ತಿದ್ದಳು, ಕಾಯಿಪಲ್ಲೆ ಮಾರುವವಳಿಗೂ ಅನ್ನುತ್ತಿದ್ದಳು. ಅಪ್ಪನ ಒಬ್ಬಳೇ ತಂಗಿ ಅವಳು. ನಮಗೆಲ್ಲ ಗೋವಾ ಅತ್ತಿ.

ನಮ್ಮಲ್ಲಿ ಹಿರಿಯರು ‘ತಪ್ಪಾಯಿತು’ ಎನ್ನುವುದಿಲ್ಲ. ತಪ್ಪಾಗಿದೆ ಎಂದು ಗೊತ್ತಿರುತ್ತದೆ, ಒಳಗೊಳಗೇ ನಾಚಿಕೆಯೂ ಆಗಿರುತ್ತದೆ, ಆದರೆ ಅದು ಬಾಯಿಗೆ ಬರುವುದಿಲ್ಲ. ಬೆಳಿಗ್ಗೆ ಸುಮ್ಮಸುಮ್ಮನೆ ಬೈದ ಅಪ್ಪ ಸಂಜೆ ಸಂತೆಯಿಂದ ಭಜಿ ಕಟ್ಟಿಸಿಕೊಂಡು ಬರುತ್ತಾನೆ, ಬೈಸಿಕೊಂಡವರು ತಿನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಗೋವಾ ಅತ್ತಿಗೆ ಮಾತ್ರ ಅಲ್ಲಿಗೆ ಮುಗಿಯುತ್ತಿರಲಿಲ್ಲ. “ಭಜಿ ಛಲೋ ಅದಾವ. ಈಗ ಬಾಯಿಲೆ ಅನ್ನು,” ಎನ್ನುವಳು. ಶಾಲೆ ಸೂಟಿ ಬಿಟ್ಟಾಗಲೆಲ್ಲ ಅವಳ ಮನೆಗೆ ಓಡುತ್ತಿದ್ದ ನನ್ನ ಮಗಳಿಗೂ ಇದೇ ಪಾಠ.

ಇದನ್ನು ಅವಳು ಕಲಿತದ್ದು ಗೋವಾದಲ್ಲಿ. ಕೆಲಸದ ಮನೆಯ ಯಜಮಾನಿ ಒಮ್ಮೆ, ಗಾಜಿನ ಬಟ್ಟಲು ಒಡೆದಳೆಂದು ಬಂದವರೆದುರೇ ಇವಳನ್ನು ಬೈದಳಂತೆ. ಒಡೆದವನು ಆಕೆಯ ಮಗ. ಅದು ತಿಳಿದ ಮೇಲೆ ಆಕೆ ಅಡುಗೆಮನೆಗೆ ಬಂದು “ನನ್ನದೇ ತಪ್ಪು, ಸಾರಿ” ಎಂದಳಂತೆ.

“ಅಷ್ಟ ವಯಸ್ಸಿನಾಕಿ! ನನಗ ಏನ ಮಾಡಬೇಕಂತ ತಿಳೀಲಿಲ್ಲ. ನಳ ಬಂದ್ ಮಾಡೂದ ಮರ್ತು ಅಳಕೋತ ನಿಂತೆ,” ಎಂದು ಹೇಳಿ ಅತ್ತಿ ನಗುತ್ತಿದ್ದಳು. “ಹಂಗಂತ ಅಕೀನ ದೇವರ ಮಾಡಬ್ಯಾಡ್ರಿ ಮತ್ತ. ನಾ ಚಾ ಕುಡಿಯೋ ಕಪ್ಪು ಕಡೀತನಕ ಬ್ಯಾರೇನ ಇತ್ತು.”

ನಮ್ಮಪ್ಪನೋ, ತನ್ನ ತಾಟಿನಲ್ಲೇ ತಂಗಿಗೆ ಉಣಿಸಿ ಬೆಳೆಸಿದವನು. ಆದರೆ ಆ ಒಂದು ಮಾತು ಆಡಲಾರ. ಆ ಯಜಮಾನಿ, ನಮ್ಮಪ್ಪ ಇಬ್ಬರಲ್ಲಿ ಯಾರು ದೊಡ್ಡವರು ಎಂದು ನನ್ನನ್ನು ಕೇಳಬೇಡಿ. ಯೋಚಿಸಿ ಯೋಚಿಸಿ ನನಗೆ ಸಾಕಾಗಿದೆ.

ಜಗಳವಾದದ್ದು ನಾಲತವಾಡದ ನಮ್ಮ ತವರುಮನೆಯಲ್ಲಿ, ನನ್ನ ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ. ಬಡಿಸುವ ಹೆಣ್ಣುಮಗಳು ಸಾರು ಚೆಲ್ಲಿದಳೆಂದು ಅಪ್ಪ ಕೂಗಾಡಿದ. ಚೆಲ್ಲಿದ್ದು ಅವನದೇ ಮೊಣಕೈ ತಾಗಿ. ಪಂಕ್ತಿಯಲ್ಲಿ ಕೂತಿದ್ದ ಅತ್ತಿ, “ಅಣ್ಣಾ, ಅಕಿದೇನ ತಪ್ಪಿಲ್ಲ. ಸಾರಿ ಅನ್ನು,” ಎಂದುಬಿಟ್ಟಳು. ಅದೂ ಬೀಗರ ಎದುರಿಗೆ.

“ಮಂದಿ ಎಂಜಲ ತೊಳದ ಬಂದಾಕಿ ನನಗ ಬುದ್ಧಿ ಹೇಳ್ತೀ?” ಎಂದ ಅಪ್ಪ.

ಅತ್ತಿ ಅರ್ಧ ಊಟಕ್ಕೇ ಎದ್ದು ಕೈ ತೊಳೆದುಕೊಂಡು ಬಸ್ ಸ್ಟ್ಯಾಂಡಿಗೆ ನಡೆದಳು. ಆಮೇಲೆ ಅಪ್ಪನಿಂದ ಒಂದರ ಹಿಂದೊಂದು ಅವಳ ಮನೆಗೆ ಹೋದವು: ಜೋಳದ ಚೀಲ, ಶೇಂಗಾ, ತೊಗರಿಬೇಳೆ. ಅವಳು ಯಾವುದನ್ನೂ ಹಿಂದಕ್ಕೆ ಕಳಿಸಲಿಲ್ಲ. ಆದರೆ ನಾಗರಪಂಚಮಿಗೆ ಮಾತ್ರ ಬರಲಿಲ್ಲ. ನಮ್ಮ ಕಡೆ ಅಣ್ಣ ಹೋಗಿ ಕರೆದರೆ ಎಂಥ ಸಿಟ್ಟಿದ್ದರೂ ತಂಗಿ ತವರಿಗೆ ಬರುತ್ತಾಳೆ, ಉಂಡಿ ತಿಂದು ಜೋಕಾಲಿ ಆಡುತ್ತಾಳೆ. ಅಪ್ಪ ಪ್ರತಿ ವರ್ಷ ಕರೆಯಲು ಹೋದ. ಒಂದು ವರ್ಷ ಜೊತೆಗೆ ನಾನೂ ಇದ್ದೆ.

“ನಡಿ, ಬಸ್ಸಿನ ಹೊತ್ತಾತು,” ಎಂದ ಅಪ್ಪ.

“ಬರ್ತೇನಿ. ಅದೊಂದ ಮಾತ ಅನ್ನು.”

“ನಾನ ಬಂದ ನಿನ್ನ ಬಾಗಲದಾಗ ನಿಂತೀನಲ್ಲ. ಇನ್ನೇನ ಬೇಕು?”

“ಬಂದದ್ದು ಖರೆ ಅಣ್ಣಾ. ಬಾಯಿ ಮನ್ಯಾಗ ಬಿಟ್ಟ ಬಂದಿ.”

ಅಪ್ಪ ಅವಳು ಕೊಟ್ಟ ಚಹಾ ಕುಡಿದು ಎದ್ದ. ಬಸ್ಸಿನಲ್ಲಿ, “ನನ್ನ ಹೊಟ್ಟ್ಯಾಗ ಏನೈತಿ ಅಂತ ಅಕಿಗೆ ಗೊತ್ತಿಲ್ಲೇನು?” ಎಂದ. ಮುಂದಿನ ಸಲ ಹೋದಾಗ ಗೋವಾ ಅತ್ತಿಗೆ ಇದನ್ನು ಹೇಳಿದೆ. “ಗೊತ್ತೈತಿ. ಗೊತ್ತಿದ್ದದ್ದ ಹೇಳಾಕ ಅವಗೇನ ಧಾಡಿ?” ಎಂದಳು. ತಾಳಿಕೋಟೆಯ ನನ್ನ ಗಂಡನ ಮನೆಯಿಂದ ಮುದ್ದೇಬಿಹಾಳ, ಅಲ್ಲಿಂದ ನಾಲತವಾಡ ಎಂದು ಓಡಾಡಿ, ಇವರದು ಅವರಿಗೆ ಅವರದು ಇವರಿಗೆ ಹೇಳಿ, ಕೊನೆಗೆ ನಾನು ಸುಮ್ಮನಾದೆ. ಇಬ್ಬರೂ ಸರಿಯೇ ಇದ್ದಾಗ ನಡುವೆ ನಿಂತವರಿಗೆ ಮಾಡಲು ಕೆಲಸವಿರುವುದಿಲ್ಲ.

ಹೋದ ಚಳಿಗಾಲದಲ್ಲಿ ಅತ್ತಿ ಹಾಸಿಗೆ ಹಿಡಿದಳು. ಆಸ್ಪತ್ರೆಯಲ್ಲಿ ಅಪ್ಪ ಅವಳ ಪಕ್ಕ ಕೂತು ಮೋಸಂಬಿ ಸುಲಿದ. ಬೀಜ ತೆಗೆದು, ನಾರು ತೆಗೆದು, ಒಂದೊಂದೇ ತೊಳೆ ಅವಳ ಬಾಯಿಗಿಟ್ಟ. ಅವಳು ತಿನ್ನುತ್ತ ಅವನ ಮುಖವನ್ನೇ ನೋಡುತ್ತಿದ್ದಳು. ಅಪ್ಪ ತಲೆ ತಗ್ಗಿಸಿ ಇನ್ನೊಂದು ಮೋಸಂಬಿ ಸುಲಿಯತೊಡಗಿದ. ಅದೇ ವಾರ ಅವಳು ಹೋದಳು. ತವರಿನ ಕೊನೆಯ ಸೀರೆಯನ್ನು ಅಪ್ಪನೇ ತಂದು ಹೊದಿಸಿದ.

ಈ ವರ್ಷದ ಪಂಚಮಿಗೆ ನಾನೂ ಮಗಳೂ ನಾಲತವಾಡಕ್ಕೆ ಹೋಗಿದ್ದೆವು. ಜೋಕಾಲಿಯ ಹಗ್ಗ ಕಾಣಲಿಲ್ಲ. ಹುಡುಗಿಯೇ ಎಲ್ಲೋ ಒಗೆದಿದ್ದಾಳೆ ಎಂದು ಅಪ್ಪ ಬಂದವರೆದುರು ಅವಳನ್ನು ಗದರಿಸಿದ. ಪಕ್ಕದ ಮನೆಯವರು ಕರು ಕಟ್ಟಲು ಒಯ್ದಿದ್ದರು ಎಂದು ಆಮೇಲೆ ತಿಳಿಯಿತು. ಊಟವಾದ ಮೇಲೆ ಅಪ್ಪ ತಾನೇ ಬೇವಿನ ಮರಕ್ಕೆ ಹಗ್ಗ ಕಟ್ಟಿಕೊಟ್ಟು, ಶೇಂಗಾ ಉಂಡಿ ತಂದು ಮೊಮ್ಮಗಳ ಮುಂದೆ ಹಿಡಿದ.

ಅವಳು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. “ಬಾಯಿಲೆ ಅನ್ನು, ಮುತ್ಯಾ.”

ಅಪ್ಪ ಉಂಡಿ ಹಿಡಿದ ಕೈ ಇಳಿಸಲಿಲ್ಲ. ಒಮ್ಮೆ ನನ್ನ ಕಡೆ ನೋಡಿದ, ಒಮ್ಮೆ ಮರದ ಕಡೆ ನೋಡಿದ.

“ಸಾರಿ,” ಎಂದ.

ಹುಡುಗಿ ಉಂಡಿ ಇಸಿದುಕೊಂಡು, ಮುರಿದು ಅರ್ಧ ಅವನ ಕೈಗೇ ಕೊಟ್ಟು ಜೋಕಾಲಿಗೆ ಓಡಿದಳು. ಅಪ್ಪ ಅದನ್ನು ಹಿಡಿದುಕೊಂಡೇ ಕಟ್ಟೆಯ ಮೇಲೆ ಕೂತ. ನನ್ನ ಕಡೆ ನೋಡದೆ ಕೇಳಿದ:

“ಇಷ್ಟೇ ಏನ, ಅಕಿ ಅಷ್ಟ ವರ್ಷ ಕೇಳಿದ್ದು?”

“ಹೌದಪ್ಪಾ, ಇಷ್ಟೇ,” ಎಂದೆ.