ಕಿಂಡಿ ಮುಚ್ಚುವ ಹೆಬ್ಬೆರಳು

ಬೆಳಗಿನ ಐದೂವರೆ. ಬೀದಿ ದೀಪಗಳು ಇನ್ನೂ ಆರಿಲ್ಲ. ಸೈಕಲ್ ಅಂಗಡಿಯ ಹಿಂದಿನ ಎರಡು ಕೋಣೆಗಳ ಮನೆಯಲ್ಲಿ ಅರವತ್ತೆರಡರ ಹೆಂಗಸೊಬ್ಬರು ಸೌಟಿನಲ್ಲಿ ಕರಗುತ್ತಿರುವ ತವರವನ್ನೇ ನೋಡುತ್ತ ಕುಳಿತಿದ್ದಾರೆ. ಬೀದಿಗೆಲ್ಲ ಇವರು ‘ಫಿರಂಗಿ ಅಕ್ಕ’. ಬಾಯಿ ಜೋರು ಎಂದುಕೊಳ್ಳಬೇಡಿ, ಇವರು ಮಾಡುವುದೇ ಫಿರಂಗಿ.

ನೆಪೋಲಿಯನ್ ಕಾಲದ ಫಿರಂಗಿ ದಳದ ಪುಟ್ಟ ಲೋಹದ ಗೊಂಬೆಗಳವು. ಒಂದು ಫಿರಂಗಿ, ಸುತ್ತ ಐವರು ಸಿಪಾಯಿಗಳು. ಹವ್ಯಾಸಿಗಳು ಭೂತಗನ್ನಡಿ ಹಿಡಿದು ನೋಡಿ ಕೊಳ್ಳುವ ವಸ್ತು. ಫಿರಂಗಿಯ ಗಾಡಿಗೆ ಮಾಸಲು ಹಸಿರು, ಸಿಪಾಯಿಯ ಅಂಗಿಗೆ ಕಡುನೀಲಿ, ಅಂಚಿಗೆ ಕೆಂಪು. ಕಡುನೀಲಿಯನ್ನು ಅಕ್ಕ ಬೆಳಗಿನ ಬೆಳಕಿನಲ್ಲಷ್ಟೇ ಬಳಿಯುತ್ತಾರೆ. “ಟ್ಯೂಬ್‌ಲೈಟಲ್ಲಿ ನೀಲಿ ಅಂದ್ಕೊಂಡು ಕಪ್ಪು ಬಳಿದುಬಿಡ್ತೀವಿ,” ಎನ್ನುತ್ತಾರೆ. ದಿನಕ್ಕೆ ಎರಕ ಹೊಯ್ಯುವುದು ಮೂವತ್ತು ಗೊಂಬೆ, ಬಣ್ಣ ಬಳಿಯುವುದು ಎಂಟಕ್ಕೆ. ಅಂಗಿಯ ಗುಂಡಿಯೊಂದು ಸರಿಯಾಗಿ ಮೂಡದಿದ್ದರೂ ಆ ಗೊಂಬೆ ಮತ್ತೆ ಸೌಟಿಗೆ.

ಇವತ್ತು ಮಾತ್ರ ಅಕ್ಕ ಬಣ್ಣದ ಡಬ್ಬಿಗಳನ್ನು ಸಜ್ಜು ಮಾಡಿಟ್ಟಿಲ್ಲ. ಮುಂದಿರುವುದು ಅಪ್ಪ ಕೈಯಾರೆ ಕೊರೆದ ಹಿತ್ತಾಳೆಯ ಅಚ್ಚು. ನಿನ್ನೆ ಅದಕ್ಕೆ ಉಳಿ ಹಾಕಿದ್ದಾರೆ.

ಅಪ್ಪ ಯುದ್ಧ ಕಂಡವರಲ್ಲ, ಬಾಗಿಲು ಜೋರಾಗಿ ಬಡಿದರೂ ಬೆಚ್ಚುವವರು. ಅವರ ಬಳಿ ಇದ್ದದ್ದು ಫಿರಂಗಿ ದಳದ ಒಂದೇ ಒಂದು ಹಳೆಯ ಚಿತ್ರ. ಅದನ್ನು ನೋಡಿಕೊಂಡೇ ಟೋಪಿಯಿಂದ ಬೂಟಿನ ಹಿಮ್ಮಡಿವರೆಗೆ ಎಲ್ಲವನ್ನೂ ಕೊರೆದರು. ಫಿರಂಗಿಯ ಹಿಂದೆ ನಿಂತವನ ಕೈ ಮಾತ್ರ ಚಿತ್ರದಲ್ಲಿ ಹೊಗೆಯೊಳಗೆ ಮುಚ್ಚಿಹೋಗಿತ್ತು. ಅಪ್ಪ ಯೋಚಿಸಿ ಯೋಚಿಸಿ ಆ ಕೈಯನ್ನು ಸೊಂಟದ ಮೇಲಿಟ್ಟರು. ಅಂಗಿಯ ಅಂಚಿಗೆ ಕೆಂಪು ಗೀಟು ಎಳೆಯುತ್ತಿದ್ದ ಅಮ್ಮ, “ಇವನ್ಯಾರು, ಮುನಿಸ್ಕೊಂಡ ಬೀಗರ ಹಾಗೆ ನಿಂತಿದಾನಲ್ಲ,” ಎಂದು ನಗುತ್ತಿದ್ದರು. ಕೈಕಾಲು ಮುರಿದ ಸಿಪಾಯಿಗಳೆಲ್ಲ ಅಕ್ಕ ಮತ್ತು ತಮ್ಮನ ಪಾಲು. ಆ ದಿನಗಳನ್ನು ನೆನೆದು ಅಕ್ಕ ಈಗಲೂ ಹೇಳುತ್ತಾರೆ, “ಮನೇಲಿ ಅಕ್ಕಿ ಇರ್ತಿತ್ತೋ ಇಲ್ವೋ, ಸೈನ್ಯಕ್ಕೆ ಮಾತ್ರ ಕೊರತೆ ಇರ್ಲಿಲ್ಲ.”

ಅಪ್ಪ ತೀರಿಕೊಂಡ ಮೇಲೆ ಗೊಂಬೆ ಕೊಳ್ಳಲು ಬಂದ ಇತಿಹಾಸದ ನಿವೃತ್ತ ಮೇಷ್ಟ್ರೊಬ್ಬರು ಆ ಸೊಂಟದ ಕೈ ಕಂಡು ಹುಬ್ಬೇರಿಸಿದರು. ಮುಂದಿನವನು ಕೋಲು ತೂರಿಸಿ ಮದ್ದು ತುಂಬುವಾಗ, ಹಿಂದಿನವನು ಫಿರಂಗಿಯ ಸಣ್ಣ ಕಿಂಡಿಯನ್ನು ಹೆಬ್ಬೆರಳಿನಿಂದ ಒತ್ತಿ ಮುಚ್ಚಿರಬೇಕಂತೆ. ಇಲ್ಲವಾದರೆ ಗಾಳಿ ಹೊಕ್ಕು, ಒಳಗುಳಿದ ಕಿಡಿ ಕೆರಳಿ, ಕೋಲು ಹಿಡಿದವನ ಕೈಯೇ ಹಾರಿಹೋಗಬಹುದಂತೆ. ಅಕ್ಕನಿಗೆ ಅಂದು ಊಟ ಸೇರಲಿಲ್ಲ.

“ಅಪ್ಪ ಇದ್ದಿದ್ರೆ ಅವತ್ತೇ ಸರಿ ಮಾಡ್ತಿದ್ರು. ಅವರ ಅಚ್ಚಿಗೆ ನಾನು ಹೇಗೆ ಉಳಿ ಹಾಕ್ಲಿ?” ಹೀಗೆಂದು ಒಂಬತ್ತು ವರ್ಷ, ಫಿರಂಗಿಯ ಹಿಂದೆ ನಿಲ್ಲುವ ಪ್ರತಿ ಸಿಪಾಯಿಯ ಕೈಯನ್ನೂ ಎರಕವಾದ ಮೇಲೆ ಕತ್ತರಿಸಿ, ತಿರುಗಿಸಿ, ಬೆಸೆದರು. ಈಚೆಗೆ ಬೆರಳುಗಳು ನಡುಗತೊಡಗಿವೆ, ನಾಲ್ಕರಲ್ಲಿ ಎರಡು ಬೆಸುಗೆ ನಿಲ್ಲುತ್ತಿಲ್ಲ. ಗೊಂಬೆಗಳನ್ನು ಡಬ್ಬಿಗೆ ತುಂಬಿ ಕಳಿಸುವ ತಮ್ಮ, “ಸೊಂಟದ ಮೇಲೇ ಇರ್ಲಿ ಬಿಡಕ್ಕಾ. ಎಳ್ಳು ಕಾಳಷ್ಟು ಬೆರಳು, ಯಾರು ನೋಡ್ತಾರೆ?” ಅಂದ.

“ಕೋಲು ಹಿಡಿದೋನು ನೋಡ್ತಾನಲ್ಲೋ,” ಅಂದರು ಅಕ್ಕ.

ಅಚ್ಚಿನಲ್ಲಿದ್ದ ಹಳೆಯ ಕೈಯ ಕುಳಿಯನ್ನು ಹಿತ್ತಾಳೆಯ ಬೆಸುಗೆಯಿಂದ ತುಂಬಿಸಿ, ನಿನ್ನೆ ಇಡೀ ದಿನ ಹೊಸ ಕೈ ಕೊರೆದರು. ಕೆಟ್ಟರೆ ಇನ್ನೊಂದು ಅಚ್ಚಿಲ್ಲ. ಅಪ್ಪನ ಕೈಕೆಲಸ ಅಲ್ಲಿಗೆ ಮುಗಿದಂತೆ.

ಸೌಟು ಬಾಗುತ್ತದೆ. ತಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಾನೆ. ಮೊದಲ ಗೊಂಬೆಯ ಎರಕ ಭುಜಕ್ಕೇ ನಿಂತಿದೆ. ಅಕ್ಕ ಅಚ್ಚನ್ನು ಇನ್ನಷ್ಟು ಕಾಯಿಸುತ್ತಾರೆ. ಎರಡನೆಯದು ಮೊಣಕೈವರೆಗೆ. ಮೂರನೆಯದನ್ನು ಬಿಡಿಸಿ ಕಿಟಕಿಗೆ ಒಯ್ಯುತ್ತಾರೆ. ತೋಳು ಇಡಿಯಾಗಿ ಮೂಡಿದೆ, ತುದಿಯಲ್ಲಿ ಹೆಬ್ಬೆರಳೂ ಇದೆ. ಫಿರಂಗಿಯ ಹಿಂದೆ ನಿಲ್ಲಿಸಿದರೆ ಅದು ಸರಿಯಾಗಿ ಕಿಂಡಿಯ ಮೇಲೇ ಕೂರುತ್ತದೆ.

“ಅಪ್ಪ ಬೈತಿದ್ರಾ ಅಕ್ಕಾ?” ತಮ್ಮ ಮೆಲ್ಲಗೆ ಕೇಳುತ್ತಾನೆ.

“ಇಲ್ಲ ಕಣೋ. ‘ಹೊಗೆ ಇತ್ತು ಮಗಳೇ, ಕಾಣ್ಲಿಲ್ಲ’ ಅಂತಿದ್ರು ಅಷ್ಟೇ.”

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ನೀಲಿ ಡಬ್ಬಿಯ ಮುಚ್ಚಳ ತೆಗೆಯುತ್ತಾರೆ. ಹೊರಗೆ ಬೆಳಕಾಗಿದೆ. ಅವರಿಗೊಂದು ಆಸೆಯಿದೆ. “ಸೊಂಟದ ಮೇಲೆ ಕೈ ಇಟ್ಟೋನು ಯಾರ ಮನೇಲಿದ್ರೂ ತಂದ್ಕೊಡ್ಲಿ, ಬದಲಿಗೆ ಇವನನ್ನ ಕೊಡ್ತೀನಿ. ನಮ್ಮಪ್ಪನ ಸೈನ್ಯದಲ್ಲಿ ಯಾರ ಕೈಯೂ ಹೋಗ್ಬಾರ್ದು.”